ದಿಮ್ಮಿ ಲೋಡು, 40 ಕಿಲೋಮೀಟರ್ ದಾರಿ: ಬಾಡಿಗೆ ಕಿಲೋಮೀಟರಿಗಾ, ಟ್ರಿಪ್ಪಿಗಾ?

ಕಿರುದಾರಿ

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ದೂರದ ಲೋಡು ಓಡಿಸಿದವನು ನಾನು. ಚೀಲ, ರಟ್ಟಿನ ಪೆಟ್ಟಿಗೆ, ಡ್ರಮ್ಮು, ಏನು ಕೊಟ್ಟರೂ ಸರಿ. ಈಗ ಸ್ವಂತ ಲಾರಿ ಮಾಡಿಕೊಂಡಿದ್ದೇನೆ. ರಾತ್ರಿ ಮನೆ ಸೇರುವ ಕೆಲಸ ಬೇಕು ಅಂತ ಹುಡುಕಿದಾಗ ನಾಟಾ, ಅಂದರೆ ಕಡಿದ ಮರದ ದಿಮ್ಮಿ ಸಾಗಿಸುವ ಕೆಲಸ ಸಿಕ್ಕಿತು.

ಮರ ಕಡಿದು ರಾಶಿ ಹಾಕಿರುವ ಜಾಗದಿಂದ ಸಾಮಿಲ್‌ಗೆ 40 ಕಿಲೋಮೀಟರ್. ಮೊದಲ 6 ಮಣ್ಣಿನ ದಾರಿ, ಆಮೇಲೆ ಟಾರು. ನಡುವೆ ಒಂದು ಉದ್ದನೆಯ ಇಳಿಜಾರು, ಅದರಲ್ಲಿ ನಾಲ್ಕೈದು ತಿರುವು.

ಕೆಲಸ ಕೊಟ್ಟವರು ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಹೇಳಿದರು. "40 ಕಿಲೋಮೀಟರ್ ಅಂದರೆ ಒಂದು ಗಂಟೆ. ದಿನಕ್ಕೆ ನಾಲ್ಕು ಟ್ರಿಪ್ ಆರಾಮಾಗಿ ಆಗುತ್ತದೆ" ಅಂದರು. ನಾನೂ ತಲೆಯಾಡಿಸಿದೆ. ಎರಡು ವಾರ ಆಯಿತು. ಒಂದು ದಿನವೂ ಎರಡು ಟ್ರಿಪ್ ದಾಟಿಲ್ಲ. ಡೀಸೆಲ್, ಟೈರು, ಕ್ಲೀನರ್ ಸಂಬಳ ಕಳೆದರೆ ಕೈಯಲ್ಲಿ ಏನೂ ಉಳಿಯುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಇನ್ನೊಂದು ವಿಷಯ. ಚೀಟಿಯಲ್ಲಿ 12 ಘನ ಮೀಟರ್ ಅಂತ ಬರೆದಿರುತ್ತಾರೆ. ಹಸಿ ಮರ, ಘನ ಮೀಟರಿಗೆ ಸುಮಾರು 900 ಕಿಲೋ ಅಂತ ಅವರೇ ಹೇಳಿದ್ದು. ಹಾಗಾದರೆ 11 ಟನ್ ಒಳಗೆ ಇರಬೇಕು ಅಲ್ವಾ? ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಪ್ರತಿ ಸಲ 14 ಟನ್ ಹತ್ತಿರ ತೋರಿಸುತ್ತದೆ. ವೇಬ್ರಿಡ್ಜೇ ತಪ್ಪಾ?

ಖಾಲಿ_ವಾಪಸ್

ನೀವು ತಪ್ಪಿಲ್ಲ. ನಾಲ್ಕು ಟ್ರಿಪ್ ಅಂದವರು ಒಂದು ದಿನವೂ ನಿಮ್ಮ ಸೀಟಿನಲ್ಲಿ ಕೂತಿಲ್ಲ, ಅಷ್ಟೇ.

ಒಂದು ಕೆಲಸ ಮಾಡಿ. ಜೇಬಿನಲ್ಲಿ ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಮೂರು ದಿನ ಬರೀ ಗಡಿಯಾರ ನೋಡಿ ಬರೆಯಿರಿ. ಲೋಡಿಂಗ್ ಜಾಗಕ್ಕೆ ಬಂದಿದ್ದು ಎಷ್ಟಕ್ಕೆ, ಲೋಡು ಮುಗಿದಿದ್ದು ಎಷ್ಟಕ್ಕೆ, ಕಟ್ಟಿ ಹೊರಟಿದ್ದು ಎಷ್ಟಕ್ಕೆ, ಸಾಮಿಲ್ ಗೇಟು ಮುಟ್ಟಿದ್ದು, ತೂಕ ಆಗಿದ್ದು, ಖಾಲಿ ಆಗಿದ್ದು. ಆಮೇಲೆ ಇಲ್ಲಿ ಹಾಕಿ. ಬಾಡಿಗೆ ಮಾತು ಅದಾದ ಮೇಲೆ.

ಲೆಕ್ಕದ_ಪುಸ್ತಕ

ವೇಬ್ರಿಡ್ಜ್ ಸರಿ ಇದೆ. ತಪ್ಪು ಇರುವುದು ಚೀಟಿಯಲ್ಲಿ. ತಪ್ಪು ಅನ್ನುವುದಕ್ಕಿಂತ, ಚೀಟಿ ಬೇರೆ ಭಾಷೆ ಮಾತಾಡುತ್ತಿದೆ ಅನ್ನೋಣ.

ಒಂದು ಪ್ರಶ್ನೆ ಕೇಳುತ್ತೇನೆ. ಅಳತೆ ಹೇಗೆ ಹಿಡಿಯುತ್ತಾರೆ ಅಂತ ನೋಡಿದ್ದೀರಾ? ದಿಮ್ಮಿಯ ನಡುವೆ ಟೇಪು ಸುತ್ತಿ, ಬಂದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಅದನ್ನೇ ಅದರಿಂದ ಗುಣಿಸಿ, ಉದ್ದದಿಂದ ಗುಣಿಸುತ್ತಾರಾ?

ಕಿರುದಾರಿ

ಹೌದು ಸರ್, ಟೇಪು ನಡುವೆಯೇ ಸುತ್ತುತ್ತಾರೆ. ಆಮೇಲೆ ಅವರ ಹತ್ತಿರ ಒಂದು ಪಟ್ಟಿ ಇದೆ, ಅದನ್ನು ನೋಡಿ ಬರೆಯುತ್ತಾರೆ. ಭಾಗಿಸುವುದು ಗುಣಿಸುವುದು ನಾನು ನೋಡಿಲ್ಲ.

ಲೆಕ್ಕದ_ಪುಸ್ತಕ

ಆ ಪಟ್ಟಿಯೊಳಗೇ ಗುಣಾಕಾರ ಕೂತಿದೆ. ಇದಕ್ಕೆ ಹಾಪಸ್ ಅಳತೆ ಅಂತ ಹೆಸರು. ಎಡ್ವರ್ಡ್ ಹಾಪಸ್ ಅನ್ನುವ ಇಂಗ್ಲಿಷ್ ಸರ್ವೇಯರ್ 1736ರಲ್ಲಿ ಅಚ್ಚು ಹಾಕಿಸಿದ ಪಟ್ಟಿಗಳಿಂದ ಬಂದಿದ್ದು. ದುಂಡು ಮರವನ್ನು ಕೊಯ್ದಾಗ ಅಂಚಿನ ಹೊಟ್ಟು, ಸೀಳು ಎಲ್ಲ ವ್ಯರ್ಥ ಹೋಗುತ್ತದಲ್ಲ, ಅದನ್ನು ಮೊದಲೇ ಕಳೆದು ಕೊಳ್ಳುವವನಿಗೆ ಅನುಕೂಲ ಮಾಡುವ ಲೆಕ್ಕ ಅದು.

ಒಂದು ದಿಮ್ಮಿ ತೆಗೆದುಕೊಳ್ಳಿ. ಸುತ್ತಳತೆ 120 ಸೆಂಟಿಮೀಟರ್, ಉದ್ದ 5 ಮೀಟರ್. ನಾಲ್ಕನೇ ಒಂದು ಭಾಗ 30 ಸೆಂಟಿಮೀಟರ್. 0.30 × 0.30 × 5 = 0.45 ಘನ ಮೀಟರ್. ಚೀಟಿಯಲ್ಲಿ ಬರುವುದು ಇಷ್ಟೇ. ಆದರೆ ಮರ ಚೌಕವಾಗಿಲ್ಲವಲ್ಲ, ದುಂಡಗಿದೆ. ನಿಜವಾದ ಗಾತ್ರ 0.573. ಅಂದರೆ ಚೀಟಿ ತೋರಿಸುವುದು ನಿಜದ 78.5 ಪರ್ಸೆಂಟ್ ಮಾತ್ರ.

ಈಗ ನಿಮ್ಮ 12 ಘನ ಮೀಟರ್‌ಗೆ ಬನ್ನಿ. ಅದನ್ನು 0.785ರಿಂದ ಭಾಗಿಸಿ. 15.3 ಆಗುತ್ತದೆ. 900 ಕಿಲೋದಿಂದ ಗುಣಿಸಿದರೆ 13.8 ಟನ್. ನಿಮ್ಮ ವೇಬ್ರಿಡ್ಜ್ ಹೇಳುತ್ತಿರುವುದೂ ಅದನ್ನೇ.

ಕೊಯ್ಯುವವನ ವ್ಯರ್ಥಕ್ಕೆ ಅಂತ ಕಳೆದ 3 ಟನ್ ಮರವನ್ನು ನೀವು ಪ್ರತಿ ಟ್ರಿಪ್ ಪುಕ್ಕಟೆಯಾಗಿ ಹೊತ್ತು ಹಾಕುತ್ತಿದ್ದೀರಿ. ವ್ಯಾಪಾರದವರಿಗೆ ಆ ಅಳತೆ ಇರಲಿ, ಅವರವರ ನಡುವೆ ಒಪ್ಪಂದ. ಸಾಗಿಸುವವನಿಗೆ ಅದು ಆಗುವುದಿಲ್ಲ. ಎಕ್ಸಲ್ಲು ಹೊಟ್ಟನ್ನೂ ಹೊರುತ್ತದೆ.

ಕಿರುದಾರಿ

ಅಯ್ಯೋ. ಎರಡು ವಾರದಿಂದ ವೇಬ್ರಿಡ್ಜ್‌ನವರ ಜೊತೆ ಜಗಳ ಆಡಿದ್ದೇನೆ.

ಸಾಮಿಲ್_ಗೇಟ್

ಹ್ಹ ಹ್ಹ. ನಾನು ಇನ್ನೊಂದು ಸಾಮಿಲ್‌ನಲ್ಲಿ ವೇಬ್ರಿಡ್ಜ್ ನೋಡಿಕೊಳ್ಳುವವಳು. ಹೀಗೆ ಬೈಸಿಕೊಳ್ಳುವುದು ನಮಗೆ ದಿನಾ ಇದ್ದದ್ದೇ. ಬೇಜಾರಿಲ್ಲ.

ಒಂದು ಮಾತು ಸೇರಿಸುತ್ತೇನೆ. 900 ಅನ್ನುವುದೂ ಕಲ್ಲಿನಲ್ಲಿ ಕೆತ್ತಿದ ಸಂಖ್ಯೆ ಅಲ್ಲ. ಪೂರ್ತಿ ಒಣಗಿದರೆ 450 ಕಿಲೋ ತೂಗುವ ಮರ ಹಸಿಯಿದ್ದಾಗ ಅಷ್ಟೇ ತೂಕದ ನೀರನ್ನೂ ಹಿಡಿದಿರಬಹುದು. ಅದಕ್ಕೇ ತೇವಾಂಶ 100 ಪರ್ಸೆಂಟ್ ಅಂತ ಹೇಳುತ್ತಾರೆ. ಹೊಸಬರು ಇದನ್ನು ಕೇಳಿ ನಗುತ್ತಾರೆ. "ಮೇಡಂ, ನೂರು ಪರ್ಸೆಂಟ್ ನೀರಾದರೆ ಮರ ಎಲ್ಲಿ ಉಳಿಯಿತು?" ಅಂತ. ಒಣ ಮರದ ತೂಕಕ್ಕೆ ಹೋಲಿಸಿ ಹೇಳುವ ಲೆಕ್ಕ ಅದು. ಅದೇ ಮರ 50 ಪರ್ಸೆಂಟಿಗೆ ಇಳಿದರೆ ಘನ ಮೀಟರಿಗೆ 675 ಕಿಲೋ. ಅದೇ ಗಾತ್ರ, ಅದೇ ದಿಮ್ಮಿ. 15 ಘನ ಮೀಟರಿಗೆ 3.4 ಟನ್ ವ್ಯತ್ಯಾಸ.

ಹಾಗಾಗಿ ಟನ್ ಲೆಕ್ಕದ ಬಾಡಿಗೆ ಮಾಡಿಕೊಂಡರೆ ಒಣ ರಾಶಿ ಬಂದ ದಿನ ನಿಮಗೆ ನಷ್ಟ. ಗಾತ್ರದ ಲೆಕ್ಕ ಮಾಡಿಕೊಂಡರೆ ಹಸಿ ರಾಶಿ ಬಂದ ದಿನ ನಷ್ಟ. ಯಾವುದು ಜಾಸ್ತಿ ಬರುತ್ತದೆ ಅಂತ ಮೊದಲು ವಿಚಾರಿಸಿ.

ಖಾಲಿ_ವಾಪಸ್

ಮೇಡಂ ಹೇಳಿದ್ದು ಸರಿ. ನನ್ನ ಪ್ರಕಾರ 40 ಕಿಲೋಮೀಟರಿಗೆ ಎರಡೂ ಬೇಡ. ಮೊದಲು ಪುಸ್ತಕ ಬರಲಿ.

ಹಲಗೆ_ಲೋಡು

ಈ ಚರ್ಚೆಯಲ್ಲಿ ಕೊಯ್ದ ಮರದ ಬಗ್ಗೆ ಕೇಳಬಹುದಾ? ನಾನು ಸಾಮಿಲ್‌ನಿಂದ ಹಲಗೆ, ರೀಪು, ತೊಲೆ ಕಟ್ಟುಗಳನ್ನು ಸಾಗಿಸುತ್ತೇನೆ. 30 ಕಿಲೋಮೀಟರ್. 10 ಟನ್ ಹಾಕುತ್ತೇನೆ. ನಾಲ್ಕು ಬೆಲ್ಟು ಬಿಗಿಯುತ್ತೇನೆ. ಬೆಲ್ಟಿನ ಮೇಲೆ 5000 ಅಂತ ಬರೆದಿದೆ. ನಾಲ್ಕೈದಲೆ 20 ಟನ್. 10 ಟನ್ ಲೋಡಿಗೆ ಧಾರಾಳ ಅಂದುಕೊಂಡಿದ್ದೆ. ಹೋದ ತಿಂಗಳು ಬ್ರೇಕು ಹಾಕಿದಾಗ ಮೇಲಿನ ಕಟ್ಟು ಒಂದು ಮೊಳ ಮುಂದೆ ಬಂತು. ಬೆಲ್ಟು ಹರಿದಿರಲಿಲ್ಲ. ಹೇಗೆ?

ಹಗ್ಗಬಿಗಿ

ಈ ಪ್ರಶ್ನೆಗೆ ನಾನು ಕಾಯುತ್ತಾ ಕೂತಿರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಬೆಲ್ಟಿನ ಚೀಟಿ ನೋಡಿ. ಅಲ್ಲಿ ಎಲ್‌ಸಿ ಅಂತ ಇರುವುದು ಬೆಲ್ಟು ತಡೆಯುವ ಎಳೆತ. ಸುತ್ತಿ ಕಟ್ಟಿದರೆ 5000, ನೇರ ಎಳೆದರೆ 2500. ಅಳತೆ ಡೆಕಾನ್ಯೂಟನ್, ನಮ್ಮ ಲೆಕ್ಕಕ್ಕೆ ಒಂದು ಅಂದರೆ ಹತ್ತಿರ ಹತ್ತಿರ ಒಂದು ಕಿಲೋ ತೂಕದಷ್ಟು ಬಲ. ಅದೇ ಚೀಟಿಯಲ್ಲಿ ಕೆಳಗೆ ಸಣ್ಣಕ್ಷರದಲ್ಲಿ ಎಸ್‌ಟಿಎಫ್ ಅಂತ ಇರುತ್ತದೆ. 300, 400, 500, ಹೀಗೆ. ನೀವು ಕೈಯಿಂದ ಬೆಲ್ಟಿನ ಹಲ್ಲುಹಿಡಿ, ಅಂದರೆ ರ್‍ಯಾಚೆಟ್ ಬಿಗಿದಾಗ ಬೆಲ್ಟಿನಲ್ಲಿ ಉಳಿಯುವ ಬಿಗಿತ ಅದು. ಲೋಡಿನ ಮೇಲಿಂದ ಹಾಯಿಸಿ ಕಟ್ಟಿದಾಗ ಬೆಲ್ಟು ಮಾಡುವ ಕೆಲಸ ಒಂದೇ, ಲೋಡನ್ನು ಕೆಳಕ್ಕೆ ಒತ್ತುವುದು. ಒತ್ತುವುದು 5000 ಅಲ್ಲ. ಎಸ್‌ಟಿಎಫ್ 400 ಅಂತಿಟ್ಟುಕೊಂಡರೆ ಎರಡೂ ಬದಿ ಸೇರಿ ಅದರ ಎರಡರಷ್ಟು, 800. ಅದೂ ಬೆಲ್ಟು ನೆಟ್ಟಗೆ ಇಳಿದರೆ ಮಾತ್ರ. ಲೋಡು ಗಿಡ್ಡ ಇದ್ದು ಬೆಲ್ಟು ಗಾಡಿಯ ನೆಲಕ್ಕೆ 30 ಡಿಗ್ರಿಯಷ್ಟೇ ಕೋನದಲ್ಲಿ ಓರೆಯಾದರೆ ಒತ್ತುವ ಬಲ ಅರ್ಧಕ್ಕೆ ಅರ್ಧ.

ಈಗ ನಿಮ್ಮ 10 ಟನ್. ಯುರೋಪಿನ ಇಎನ್ 12195-1 ಮಾನದಂಡದಲ್ಲಿ ಬ್ರೇಕಿಗೆ ಲೋಡು ತನ್ನ ತೂಕದ 0.8ರಷ್ಟು ಬಲದಿಂದ ಮುಂದೆ ನುಗ್ಗುತ್ತದೆ ಅಂತ ಹಿಡಿಯುತ್ತಾರೆ. ಪಕ್ಕಕ್ಕೆ, ಹಿಂದಕ್ಕೆ 0.5. ಕೊಯ್ದ ಮರ ಪ್ಲೈವುಡ್ ನೆಲದ ಮೇಲೆ ಕೂತರೆ ಘರ್ಷಣೆ 0.45. ಅಂದರೆ 8 ಟನ್ ನುಗ್ಗುವಲ್ಲಿ 4.5 ಟನ್ನನ್ನು ನೆಲವೇ ಹಿಡಿದುಕೊಂಡಿತು. ಬಾಕಿ 3.5. ಅದನ್ನು ಬರೀ ಒತ್ತಿ ಹಿಡಿಯಬೇಕಾದರೆ 3.5ನ್ನು 0.45ರಿಂದ ಭಾಗಿಸಿ, 7.8 ಟನ್ ಒತ್ತಡ ಬೇಕು. ಒಂದು ಬೆಲ್ಟಿಗೆ 0.8 ಟನ್. ಹತ್ತು ಬೆಲ್ಟು. ಮಾನದಂಡ ಕೇಳುವ ಹೆಚ್ಚುವರಿ ಭದ್ರತೆ ಸೇರಿಸಿದರೆ ಹನ್ನೆರಡು ದಾಟುತ್ತದೆ. ನೀವು ಹಾಕಿದ್ದು ನಾಲ್ಕು.

ಹನ್ನೆರಡು ಬೆಲ್ಟು ಯಾರೂ ಹಾಕುವುದಿಲ್ಲ, ಗೊತ್ತು. ದಾರಿ ಎರಡಿವೆ. ಒಂದು, ಕಟ್ಟುಗಳನ್ನು ಮುಂದಿನ ತಡೆಗೋಡೆಗೆ ತಾಗಿಸಿ ಇಡಿ, ಬೆರಳು ತೂರುವಷ್ಟೂ ಜಾಗ ಬಿಡಬೇಡಿ. ಗೋಡೆ ಗಟ್ಟಿ ಇದ್ದರೆ ಮುಂದಿನ ತಳ್ಳನ್ನು ಅದೇ ತಿನ್ನುತ್ತದೆ. ಎರಡು, ಅಡಿಗೆ ರಬ್ಬರ್ ಮ್ಯಾಟ್ ಹಾಕಿ. ಘರ್ಷಣೆ 0.6ಕ್ಕೆ ಏರುತ್ತದೆ. ಆಗ ಬಾಕಿ ಉಳಿಯುವುದು 2 ಟನ್, ಬೇಕಾದ ಒತ್ತಡ 3.3 ಟನ್. ಹತ್ತರ ಜಾಗದಲ್ಲಿ ಐದು ಬೆಲ್ಟು.

ನಿಮಗೆ ಮೇಲಿನ ಕಟ್ಟು ಮಾತ್ರ ಸರಿದಿದೆ. ಪ್ಲಾಸ್ಟಿಕ್ ಸುತ್ತಿದ ಕಟ್ಟಾ?

ಹಲಗೆ_ಲೋಡು

ಹೌದು, ಎರಡೂ ಕಟ್ಟಿಗೆ ಪ್ಲಾಸ್ಟಿಕ್ ಸುತ್ತಿತ್ತು.

ಹಗ್ಗಬಿಗಿ

ಅದೇ ಮತ್ತೆ. ಪ್ಲಾಸ್ಟಿಕ್ ಮೇಲೆ ಪ್ಲಾಸ್ಟಿಕ್ ಅಂದರೆ ಸೋಪು ಹಚ್ಚಿದ ಹಾಗೆ. ಎರಡು ಕಟ್ಟಿನ ನಡುವೆಯೂ ಮ್ಯಾಟ್ ಬೇಕು, ಬರೀ ನೆಲಕ್ಕೆ ಹಾಕಿದರೆ ಸಾಲದು. ನಡುವೆ ಇಡುವ ಅಡ್ಡಪಟ್ಟಿ ಚಪ್ಪಟೆಯಾಗಿ ಮಲಗಿರಬೇಕು. ಎತ್ತರ ಸಿಗಲಿ ಅಂತ ಕೆಲವರು ಅಂಚಿನ ಮೇಲೆ ನಿಲ್ಲಿಸುತ್ತಾರೆ. ಬ್ರೇಕು ಬಿದ್ದ ಕೂಡಲೇ ಅದು ಉರುಳುತ್ತದೆ, ಮೇಲಿನದೆಲ್ಲ ಅದರ ಜೊತೆ.

ಅಂದ ಹಾಗೆ ಮೂಲೆಗೆ ಕೋನದ ತುಂಡು ಇಡುತ್ತೀರಾ? ಹಲಗೆಯ ಚೂಪು ಅಂಚಿನಲ್ಲಿ ಬೆಲ್ಟು ಜಾರದೆ ಸಿಕ್ಕಿಕೊಂಡರೆ ರ್‍ಯಾಚೆಟ್ ಇರುವ ಬದಿ ಬಿಗಿ, ಆ ಕಡೆ ಸಡಿಲ.

ಕಿರುದಾರಿ

ಪುಸ್ತಕ ಬರೆದೆ. ಮೂರು ದಿನದ ಸರಾಸರಿ ಹಾಕುತ್ತಿದ್ದೇನೆ, ಒಂದು ಟ್ರಿಪ್ಪಿಗೆ.

ಲೋಡಿಂಗ್‌ಗೆ ಕಾದು, ಲೋಡು ಮುಗಿಯಲು 80 ನಿಮಿಷ. ಕಟ್ಟಲು 20. ತುಂಬಿದ ಗಾಡಿ ಸಾಮಿಲ್ ಮುಟ್ಟಲು 70. ಗೇಟಿನ ಕ್ಯೂ ಮತ್ತು ತೂಕ 50. ಇಳಿಸಲು 30. ಖಾಲಿ ವಾಪಸ್ 55. ಒಟ್ಟು 305 ನಿಮಿಷ. ಎರಡು ಟ್ರಿಪ್ಪಿಗೆ ಹತ್ತು ಗಂಟೆ ಹತ್ತು ನಿಮಿಷ.

ಚಕ್ರ ತಿರುಗಿದ್ದು ಬರೀ 125 ನಿಮಿಷ. ಬಾಕಿ 180 ನಿಮಿಷ ಗಾಡಿ ನಿಂತೇ ಇತ್ತು. ಬರೆದ ಮೇಲೆ ನನಗೇ ನಂಬಿಕೆ ಬರಲಿಲ್ಲ.

ಖಾಲಿ_ವಾಪಸ್

ಈಗ ಮಾತಾಡೋಣ.

ದೂರದ ಲೋಡಿನಲ್ಲಿ ಎರಡು ತುದಿಯಲ್ಲಿ ಮೂರು ಗಂಟೆ ನಿಂತರೂ ನಡುವೆ ಹತ್ತು ಹನ್ನೆರಡು ಗಂಟೆ ಓಡುತ್ತೀರಿ. ನಿಂತದ್ದು ಓಡಿದ್ದರಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೇ ಅಲ್ಲಿ ಕಿಲೋಮೀಟರ್ ಬಾಡಿಗೆ ನಡೆಯುತ್ತದೆ. ಇಲ್ಲಿ ನಿಲ್ಲುವುದೇ ಜಾಸ್ತಿ. ಕಿಲೋಮೀಟರ್ ಬಾಡಿಗೆ ಅಂದರೆ ನಿಮ್ಮ ದಿನದ ಅರ್ಧಕ್ಕಿಂತ ಜಾಸ್ತಿ ಹೊತ್ತನ್ನು ಸುಮ್ನೆ ಬಿಟ್ಟುಕೊಟ್ಟ ಹಾಗೆ.

ಹೊಸಬರು ಏನು ಮಾಡುತ್ತಾರೆ ಗೊತ್ತಾ? ಜೋರಾಗಿ ಓಡಿಸುತ್ತಾರೆ. ಓಟದ ಹೊತ್ತಿನಲ್ಲಿ ಹತ್ತು ಪರ್ಸೆಂಟ್ ಉಳಿಸಿದಿರಿ ಅಂತಿಟ್ಟುಕೊಳ್ಳಿ. ಸಿಕ್ಕಿದ್ದು 12 ನಿಮಿಷ. ಲೋಡಿಂಗ್ 80ರಿಂದ 40ಕ್ಕೆ, ಗೇಟು 50ರಿಂದ 20ಕ್ಕೆ ಇಳಿದರೆ 70 ನಿಮಿಷ. ಟ್ರಿಪ್ಪು 235 ನಿಮಿಷಕ್ಕೆ ಬಂತು. ಆಗ ಎರಡು ಟ್ರಿಪ್ ಎಂಟು ಗಂಟೆಯೊಳಗೆ. ಆಕ್ಸಿಲರೇಟರ್ ಮುಟ್ಟಲೇ ಇಲ್ಲ.

ನನ್ನ ಒಪ್ಪಂದ ಹೀಗಿದೆ. ಟ್ರಿಪ್ಪಿಗೆ ಇಷ್ಟು ಅಂತ ಒಂದು ಮೊತ್ತ, ಅದರಲ್ಲಿ ಖಾಲಿ ವಾಪಸ್ ಸೇರಿದೆ. ಎರಡೂ ತುದಿಯಲ್ಲಿ 45 ನಿಮಿಷ ಪುಕ್ಕಟೆ ಕಾಯುತ್ತೇನೆ. ಅದರ ಮೇಲೆ ಪ್ರತಿ ಅರ್ಧ ಗಂಟೆಗೆ ಹಾಲ್ಟಿಂಗ್, ಅಂದರೆ ಕಾದದ್ದಕ್ಕೆ ದುಡ್ಡು. ಬಂದ ಹೊತ್ತು, ಹೊರಟ ಹೊತ್ತು ಚೀಟಿಯಲ್ಲಿ ಅವರ ಸಹಿಯೊಂದಿಗೆ ಇರಬೇಕು. ಹಾಲ್ಟಿಂಗ್ ದುಡ್ಡು ನನಗೆ ಮುಖ್ಯ ಅಲ್ಲ. ಅದು ಬಂದ ದಿನದಿಂದ ನನ್ನ ಗಾಡಿಗೆ ಮೊದಲು ಲೋಡು ಬೀಳುತ್ತದೆ.

ಸಾಮಿಲ್_ಗೇಟ್

ಇದಕ್ಕೆ ನಮ್ಮ ಕಡೆಯಿಂದಲೂ ಕೇಳಿ. ಕ್ಯೂ ಆಗುವುದು ಗಾಡಿ ಜಾಸ್ತಿ ಅಂತಲ್ಲ. ಎಲ್ಲ ಗಾಡಿಗಳೂ ಬೆಳಗ್ಗೆ ಒಂದೇ ಹೊತ್ತಿಗೆ ಹೊರಟು ಒಂದೇ ಹೊತ್ತಿಗೆ ಬಂದು ನಿಲ್ಲುತ್ತವೆ. ಹನ್ನೊಂದಕ್ಕೆ ಆರು ಲಾರಿ, ಹನ್ನೆರಡೂವರೆಗೆ ಅಂಗಳ ಖಾಲಿ. ಹೊರಡುವಾಗ ಗೇಟಿಗೆ ಒಂದು ಫೋನು ಮಾಡಿ "ಎಷ್ಟು ಗಾಡಿ ನಿಂತಿದೆ" ಅಂತ ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಕೇಳುವವರೇ ಇಲ್ಲ.

ತೂಕದ_ಚೀಟಿ

ನಾನು ಒಪ್ಪುವುದಿಲ್ಲ. ಟನ್ ಲೆಕ್ಕವೇ ಸರಿ. ಜಾಸ್ತಿ ಹಾಕಿ, ಜಾಸ್ತಿ ಪಡೆಯಿರಿ. 40 ಕಿಲೋಮೀಟರಿಗೆ ಎರಡು ಟನ್ ಜಾಸ್ತಿ ಹಾಕಿದರೆ ಏನೂ ಆಗುವುದಿಲ್ಲ. ಟ್ರಿಪ್ ಕಮ್ಮಿಯಾದರೂ ಸರಿಹೋಗುತ್ತದೆ. ನಾನು ಎಷ್ಟೋ ವರ್ಷದಿಂದ ಹೀಗೇ ಮಾಡುತ್ತಿದ್ದೇನೆ.

ಲೆಕ್ಕದ_ಪುಸ್ತಕ

ಆಗುತ್ತದೆ ಸರ್. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ರಸ್ತೆಗಳನ್ನು ಬೇಕೆಂದೇ ಕಟ್ಟಿ, ಅವುಗಳ ಮೇಲೆ ಲಾರಿ ಓಡಿಸಿ ಓಡಿಸಿ ಹಾಳು ಮಾಡಿ ನೋಡಿದರು. ಆಶೋ ರೋಡ್ ಟೆಸ್ಟ್ ಅಂತ. ಎಕ್ಸಲ್ ಭಾರ ಏರಿದಂತೆ ರಸ್ತೆಗೆ ಆಗುವ ಪೆಟ್ಟು ಹೆಚ್ಚುಕಮ್ಮಿ ಅದರ ನಾಲ್ಕನೇ ಘಾತದಂತೆ ಏರುತ್ತದೆ ಅಂತ ತೇಲಿ ಬಂತು. 10 ಟನ್ ಎಕ್ಸಲ್ಲಿಗೆ 12 ಹಾಕಿದರೆ ಪೆಟ್ಟು ಎರಡು ಪಟ್ಟು. ದೂರದ ಲೋಡಿನವನು ಆ ರಸ್ತೆಯಲ್ಲಿ ತಿಂಗಳಿಗೊಮ್ಮೆ ಹೋಗುತ್ತಾನೆ. ನಾವು ಅದೇ 6 ಕಿಲೋಮೀಟರ್ ಮಣ್ಣಿನ ದಾರಿಯಲ್ಲಿ ದಿನಕ್ಕೆ ನಾಲ್ಕು ಸಲ ಓಡಾಡುತ್ತೇವೆ. ಆ ಗುಂಡಿ ನಾವೇ ತೋಡಿದ್ದು. ಅದರಲ್ಲಿ ಮುರಿಯುವ ಸ್ಪ್ರಿಂಗ್ ಪಟ್ಟಾ ಕೂಡ ನಮ್ಮದೇ.

ತೂಕದ_ಚೀಟಿ

ರಸ್ತೆ ಲೆಕ್ಕ ನಾನು ಯಾಕೆ ಹೊರಬೇಕು? ಪಟ್ಟಾ ಮಾತು ಒಪ್ಪಿದೆ. ಈ ವರ್ಷ ಎರಡು ಸಲ ಹಾಕಿಸಿದ್ದೇನೆ.

ನಿರ್ವಾಹಕ

ಅತಿ ಭಾರ ಹಾಕುವ ಉಪಾಯಗಳನ್ನು ಇಲ್ಲಿ ಹಂಚಿಕೊಳ್ಳಬೇಡಿ. ಉಳಿದಂತೆ ಚರ್ಚೆ ಮುಂದುವರಿಯಲಿ.

ಎರಡನೇ_ಗೇರ್

ಇಳಿಜಾರು, ತಿರುವು ಅಂತ ಮೊದಲ ಪೋಸ್ಟಿನಲ್ಲಿ ಇತ್ತು. ಯಾರೂ ಅದರ ಮಾತೇ ಎತ್ತಲಿಲ್ಲ. ನಾನು ಎತ್ತುತ್ತೇನೆ, ಯಾಕೆಂದರೆ ನಾನು ಮಗುಚಿದ್ದೇನೆ.

ಸಣ್ಣ ದಾರಿ. ದಿನಾ ಹೋಗುವ ತಿರುವು. ಯಾವ ಗಿಡ ಎಲ್ಲಿದೆ ಅಂತ ಗೊತ್ತು. ದಿನಾ 40ರಲ್ಲಿ ಹೋಗುತ್ತಿದ್ದೆ. ಅವತ್ತು ಮೂರನೇ ಟ್ರಿಪ್, ಗೇಟು ಮುಚ್ಚುವ ಹೊತ್ತು ಹತ್ತಿರ ಬಂದಿತ್ತು. 50 ಇತ್ತು ಅಂತ ಕಾಣುತ್ತದೆ. ಹತ್ತೇ ಜಾಸ್ತಿ. ಮೊದಲು ಕೇಳಿದ್ದು ದಿಮ್ಮಿ ಪಕ್ಕಕ್ಕೆ ಬೀಳದಂತೆ ಗಾಡಿಯ ಬದಿಯಲ್ಲಿ ನಿಲ್ಲಿಸುವ ಗೂಟದ ಸದ್ದು, ಟಕ್ ಅಂತ. ಒಳಗಿನ ಚಕ್ರ ಮೇಲೆದ್ದದ್ದು ಸ್ಟೇರಿಂಗಿನಲ್ಲಿ ಗೊತ್ತಾಗಲಿಲ್ಲ, ಸೀಟಿನಲ್ಲಿ ಗೊತ್ತಾಯಿತು. ಆಮೇಲೆ ಮಾಡಲು ಏನೂ ಇರಲಿಲ್ಲ. ನನಗೆ ಭುಜ ಮುರಿಯಿತು. ಕ್ಲೀನರ್ ಅವತ್ತು ಬಂದಿರಲಿಲ್ಲ. ಅವನು ಕೂರುವ ಬದಿ ಪೂರ್ತಿ ಚಪ್ಪಟೆ.

ಆಮೇಲೆ ಒಬ್ಬರು ಲೆಕ್ಕ ಹಾಕಿ ತೋರಿಸಿದರು. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ 40ರ ವೇಗಕ್ಕೆ ಲೋಡು ತನ್ನ ತೂಕದ ಕಾಲು ಭಾಗದಷ್ಟು ಹೊರಕ್ಕೆ ಎಳೆಯುತ್ತದೆ, 0.25. 50ಕ್ಕೆ 0.39. ನ್ಯೂಜಿಲೆಂಡ್‌ನಲ್ಲಿ ನಿಯಮದ ಪ್ರಕಾರ ದೊಡ್ಡ ಗಾಡಿ ಕನಿಷ್ಠ 0.35ರವರೆಗೆ ಮಗುಚದೆ ನಿಲ್ಲಬೇಕಂತೆ. ಎತ್ತರಕ್ಕೆ ಒಟ್ಟಿದ ದಿಮ್ಮಿ ಲೋಡಿಗೆ ಅಷ್ಟು ಸಿಗುವುದೇ ಕಷ್ಟ.

ಬೋರ್ಡಿನಲ್ಲಿ ಬರೆದ ವೇಗ ಕಾರಿಗೆ. ಇಳಿಜಾರಿಗೆ ಮೊದಲೇ ಗೇರ್ ಇಳಿಸಿ, ಇಳಿಯುವಾಗ ಅಲ್ಲ. ಎಂಜಿನ್ ಹಿಡಿಯಲಿ, ಬ್ರೇಕಿನ ಡ್ರಮ್ಮು ತಣ್ಣಗಿರಲಿ. ಕೆಳಗೆ ಬಂದಾಗ ಬ್ರೇಕು ಸುಟ್ಟ ವಾಸನೆ ಬಂದರೆ ನೀವು ಮೇಲೆ ತಪ್ಪು ಗೇರಿನಲ್ಲಿದ್ದಿರಿ.

ಕಿರುದಾರಿ

ಓದಿ ಸುಮ್ನೆ ಕೂತುಬಿಟ್ಟೆ ಅಣ್ಣಾ. ಭುಜ ಈಗ ಹೇಗಿದೆ?

ಎರಡನೇ_ಗೇರ್

ಓಡಿಸುತ್ತೇನೆ. ಮಳೆ ಬರುವ ಮೊದಲು ನನಗೆ ಗೊತ್ತಾಗುತ್ತದೆ.

ಗ್ರ್ಯಾಪಲ್

ಲೋಡು ಹಾಕುವ ಯಂತ್ರದವನು ನಾನು. ಎಲ್ಲರೂ ನಮ್ಮನ್ನು ಬೈಯುತ್ತಾರೆ, ಲೋಡಿಂಗ್ ತಡ ಅಂತ. ತಡ ಯಾಕೆ ಆಗುತ್ತದೆ ಅಂತ ಒಂದು ಸಲ ಯಂತ್ರದ ಮೇಲೆ ಕೂತು ನೋಡಿ. ರಾಶಿಯಲ್ಲಿ ಉದ್ದದ್ದು ಗಿಡ್ಡದ್ದು ಎಲ್ಲ ಕಲೆಸಿರುತ್ತವೆ. ನನಗೆ ಹೊರಬದಿಗೆ ಉದ್ದದ ನೆಟ್ಟನೆಯ ದಿಮ್ಮಿ ಬೇಕು. ಎರಡೂ ತುದಿ ಗೂಟ ದಾಟಿ ಆಚೆ ಇರಬೇಕು. ಗಿಡ್ಡದ್ದು, ಸೊಟ್ಟದ್ದು ನಡುವೆ. ಬುಡ ದಪ್ಪ, ತುದಿ ಸಣ್ಣ ಇರುವುದರಿಂದ ಒಂದು ಮುಂದೆ ಬುಡ, ಒಂದು ಹಿಂದೆ ಬುಡ ಅಂತ ಬದಲಿಸಬೇಕು. ಇಲ್ಲದಿದ್ದರೆ ಒಂದು ಎಕ್ಸಲ್ಲಿಗೇ ಭಾರ.

ಗೂಟದ ಪಕ್ಕದಲ್ಲಿ ಎಲ್ಲಕ್ಕಿಂತ ಮೇಲಿರುವ ದಿಮ್ಮಿಯ ನಡುಮಧ್ಯ ಗೂಟದ ತುದಿಗಿಂತ ಕೆಳಗಿರಬೇಕು. ಮೇಲಿದ್ದರೆ ಗೂಟ ಅದನ್ನು ಹಿಡಿದಿಲ್ಲ ಅಂತಲೇ ಅರ್ಥ. ಬೆಲ್ಟು ಒಂದೇ ಹಿಡಿದಿರುವುದು. "ಇನ್ನೆರಡು ಹಾಕು" ಅನ್ನುವ ಚಾಲಕರಿಗೆ ನಾನು ಇದನ್ನೇ ಹೇಳುವುದು.

ಮುಖ್ಯವಾಗಿ ಇಳಿಸುವಾಗ. ಬೆಲ್ಟು ಅಥವಾ ಸರಪಳಿ ಬಿಚ್ಚುವ ಮೊದಲು ಯಂತ್ರದ ಕೈ ಬಂದು ಲೋಡನ್ನು ಒತ್ತಿ ಹಿಡಿಯಲಿ. ಆಮೇಲೆ ಬಿಚ್ಚಿ. ದಾರಿಯಲ್ಲಿ ದಿಮ್ಮಿ ಜರುಗಿ ಬೆಲ್ಟಿಗೆ ಒರಗಿ ಕೂತಿರುತ್ತದೆ. ಹೊರಗಿನಿಂದ ನೋಡಿದರೆ ಸರಿಯಾಗಿಯೇ ಕಾಣುತ್ತದೆ. ಬಿಚ್ಚಿದ ಕೂಡಲೇ ಬಿಚ್ಚಿದವನ ಮೇಲೇ ಬರುತ್ತದೆ. ನಮ್ಮ ಅಂಗಳದಲ್ಲಿ ಒಂದು ಸಲ ಹೀಗೇ ಬಂತು. ಅವನು ಗಾಡಿಯ ಹಿಂದಿನ ಮೂಲೆಯಲ್ಲಿ ನಿಂತಿದ್ದ, ಅದಕ್ಕೇ ಉಳಿದ. ಚಪ್ಪಲಿ ಒಂದು ದಿಮ್ಮಿ ಕೆಳಗೆ ಸಿಕ್ಕಿತು.

ಹಗ್ಗಬಿಗಿ

ಇದರ ಜೊತೆಗೇ ನನ್ನದೊಂದು. ಸಣ್ಣ ದಾರಿಯವರು ಜಾಸ್ತಿ ಮರೆಯುವುದು ಇದನ್ನೇ. ಹೊಸದಾಗಿ ಒಟ್ಟಿದ ದಿಮ್ಮಿ ಮೊದಲ ಕೆಲವು ಕಿಲೋಮೀಟರಿನಲ್ಲೇ ಕುಳಿತುಕೊಳ್ಳುತ್ತದೆ. ಸಂದು ಮುಚ್ಚುತ್ತದೆ, ತೊಗಟೆ ನುಜ್ಜಾಗುತ್ತದೆ. ಅಲ್ಲಿಗೆ ಬೆಲ್ಟು ಸಡಿಲ. ಅಮೆರಿಕದ ನಿಯಮದಲ್ಲಿ ಮೊದಲ 50 ಮೈಲಿಯೊಳಗೆ ನಿಂತು ಕಟ್ಟು ನೋಡಬೇಕು. 50 ಮೈಲಿ ಅಂದರೆ 80 ಕಿಲೋಮೀಟರ್. ನಮ್ಮ ಇಡೀ ದಾರಿಯೇ 40! ಆ ನಿಯಮ ಹಿಡಿದು ಹೋದರೆ ನಿಲ್ಲುವ ಜಾಗ ಸಾಮಿಲ್ ದಾಟಿ ಎಲ್ಲೋ ಇರುತ್ತದೆ.

ಮಣ್ಣಿನ ದಾರಿ ಮುಗಿದು ಟಾರು ಸಿಗುವ ಜಾಗ ಇದೆಯಲ್ಲ, ಅಲ್ಲಿ ನಿಲ್ಲಿಸಿ. ಕುಲುಕುವುದೆಲ್ಲ ಅಲ್ಲಿಗೆ ಮುಗಿದಿರುತ್ತದೆ, ವೇಗ ಇನ್ನೂ ಶುರುವಾಗಿರುವುದಿಲ್ಲ. ನಾಲ್ಕು ನಿಮಿಷದ ಕೆಲಸ.

ತೊಗಟೆ ಕಿತ್ತುಬರುವ ಕಾಲದಲ್ಲಿ ಇನ್ನೂ ಹುಷಾರು. ತೊಗಟೆ ಬಿಟ್ಟ ಹಸಿ ದಿಮ್ಮಿ ಜಾರುವಷ್ಟು ಇನ್ಯಾವುದೂ ಜಾರುವುದಿಲ್ಲ. ಬೆಲ್ಟು ಹಿಡಿದಿರುವುದು ಬರೀ ಸಿಪ್ಪೆಯನ್ನು.

ಹಲಗೆ_ಲೋಡು

ಮ್ಯಾಟ್ ತಂದೆ. ಮುಂದಿನ ಗೋಡೆಗೆ ತಾಗಿಸಿಯೇ ಹಾಕಿಸುತ್ತಿದ್ದೇನೆ. ಸಾಮಿಲ್‌ನವರು "ಇದೇನು ಹೊಸದು" ಅಂತ ಕೇಳಿದರು. ಐದು ಬೆಲ್ಟು. ಬ್ರೇಕು ಹಾಕಿ ನೋಡಿದೆ, ಸೀಮೆಸುಣ್ಣದ ಗೆರೆ ಎಳೆದಿದ್ದೆ. ಗೆರೆ ಅಲ್ಲೇ ಇದೆ.

ಕಿರುದಾರಿ

ತಿಂಗಳಾದ ಮೇಲೆ ಬರೆಯುತ್ತಿದ್ದೇನೆ.

ಪುಸ್ತಕ ತೆಗೆದುಕೊಂಡು ಹೋಗಿ ಕೆಲಸ ಕೊಟ್ಟವರ ಮುಂದೆ ಇಟ್ಟೆ. ಮಾತು ಜಾಸ್ತಿ ಆಡಲಿಲ್ಲ. ನೋಡಿದರು, ಪುಟ ತಿರುಗಿಸಿದರು, "ಇದನ್ನು ನೀನೇ ಬರೆದಿದ್ದಾ" ಅಂದರು. ಟ್ರಿಪ್ ಲೆಕ್ಕಕ್ಕೆ ಒಪ್ಪಿದರು. ಹಾಲ್ಟಿಂಗ್‌ಗೆ ಒಂದು ವಾರ ಎಳೆದಾಡಿ, 45ರ ಬದಲು ಒಂದು ಗಂಟೆ ಪುಕ್ಕಟೆ ಅಂತ ಆಯಿತು. ನಾನು ಬಿಟ್ಟುಕೊಟ್ಟೆ. ಚೀಟಿಯಲ್ಲಿ ಹಾಪಸ್ ಅಳತೆಯೇ ಇದೆ, ಅದು ಅವರ ವ್ಯಾಪಾರ. ನನ್ನ ಲೋಡಿನ ಮಿತಿ ಮಾತ್ರ ಇನ್ನು ವೇಬ್ರಿಡ್ಜ್ ತೂಕದಲ್ಲಿ ಅಂತ ಬರೆಸಿಕೊಂಡೆ.

ಗೇಟಿಗೆ ಫೋನು ಮಾಡುವುದು ಕೆಲಸ ಮಾಡಿತು ಮೇಡಂ. ಅರ್ಧ ಗಂಟೆ ಮೊದಲೇ ಹೊರಡುತ್ತೇನೆ. ಗೇಟಿನಲ್ಲಿ ಈಗ ಸುಮಾರು 20 ನಿಮಿಷ. ಲೋಡಿಂಗ್ ಇನ್ನೂ 60ರ ಹತ್ತಿರ ಇದೆ, ರಾಶಿ ಬೇರೆ ಬೇರೆ ಮಾಡಿಸಿ ಅಂತ ಕೇಳಿದ್ದೇನೆ, ನೋಡೋಣ. ಎರಡು ಟ್ರಿಪ್ ಮುಗಿಸಿ ಬೆಳಕಿರುವಾಗಲೇ ಮನೆಗೆ ಹೋಗುತ್ತಿದ್ದೇನೆ. ಮೂರನೇ ಟ್ರಿಪ್ ಕೇಳಿದರು. ಎರಡನೇ ಗೇರ್ ಅಣ್ಣನ ಪೋಸ್ಟ್ ನೆನಪಾಗಿ ಬೇಡ ಅಂದೆ.

ಟಾರು ಸಿಗುವ ಜಾಗದಲ್ಲಿ ದಿನಾ ನಿಲ್ಲಿಸುತ್ತೇನೆ. ಮೊದಲ ದಿನವೇ ಹಿಂದಿನ ಬೆಲ್ಟಿನ ಕೆಳಗೆ ನಾಲ್ಕು ಬೆರಳು ಆರಾಮಾಗಿ ತೂರಿದವು. ಬಿಗಿದು 20 ನಿಮಿಷವೂ ಆಗಿರಲಿಲ್ಲ. ಕ್ಲೀನರ್ ಹುಡುಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಈಗ ನಾನು ಹೇಳುವ ಮೊದಲೇ ಇಳಿದು ನೋಡುತ್ತಾನೆ.

ಒಂದೇ ತೊಂದರೆ. ರ್‍ಯಾಚೆಟ್‌ಗಳಲ್ಲಿ ತೊಗಟೆ ಪುಡಿ, ಅಂಟು ಸೇರಿ ಹಲ್ಲು ಸಿಕ್ಕಿಕೊಳ್ಳುತ್ತಿದೆ. ಎಣ್ಣೆ ಬಿಟ್ಟರೆ ಪುಡಿ ಇನ್ನೂ ಅಂಟುತ್ತದೆ. ಏನು ಮಾಡುತ್ತೀರಿ?

ಹಗ್ಗಬಿಗಿ

ಬೆಲ್ಟನ್ನು ಪೂರ್ತಿ ಹೊರಗೆ ಎಳೆದುಬಿಡಿ. ಗಟ್ಟಿ ಬ್ರಷ್‌ನಿಂದ ಹಲ್ಲು ಉಜ್ಜಿ. ಮರದ ಅಂಟಿಗೆ ಟರ್ಪೆಂಟೈನ್ ಬಟ್ಟೆಗೆ ಹಾಕಿ ಒರೆಸಿ, ನೇರ ಸುರಿಯಬೇಡಿ, ಬೆಲ್ಟಿಗೆ ತಾಗಬಾರದು. ಒಣಗಿದ ಮೇಲೆ ಅಚ್ಚಿನ ಎರಡು ತುದಿಗೆ ಮಾತ್ರ ಒಂದೊಂದು ಹನಿ ಎಣ್ಣೆ. ಹಲ್ಲಿಗೆ ಬೇಡ. ವಾರಕ್ಕೊಮ್ಮೆ ಸಾಕು. ಅದೇ ಹೊತ್ತಿಗೆ ಬೆಲ್ಟಿನ ಅಂಚು ಬೆರಳಲ್ಲಿ ಸವರಿ ನೋಡಿ, ಕಡಿದಿದ್ದರೆ ಕೈಗೆ ಗೊತ್ತಾಗುತ್ತದೆ. ಕಡಿದದ್ದನ್ನು ಗಂಟು ಹಾಕಿ ಬಳಸಬೇಡಿ.

ಖಾಲಿ_ವಾಪಸ್

ಗಂಟು ಹಾಕಿದ್ದನ್ನು ನಾನು ಟರ್ಪಾಲು ಕಟ್ಟಲು ಇಟ್ಟುಕೊಳ್ಳುತ್ತೇನೆ. ಬೇರೆ ಬಣ್ಣ ಬಳಿದು ಇಡಿ, ಇಲ್ಲದಿದ್ದರೆ ಅವಸರದಲ್ಲಿ ಅದೇ ಲೋಡಿನ ಮೇಲೆ ಬರುತ್ತದೆ.